ಹೆಣ ಹೊತ್ತ ಹೆಲ್‌ಬಾಯ್ ಮತ್ತು ನಮ್ಮ ಹಾಸ್ಟೆಲ್

ನಮ್ಮ ಬ್ಯಾಚಿನವರು ಈಗಲೂ ನನ್ನನ್ನು 'ದೆವ್ವದ ಪುಸ್ತಕದವನು' ಅಂತಲೇ ಕರೆಯುತ್ತಾರೆ. ಇದು ಪೂರ್ತಿ ನ್ಯಾಯವಲ್ಲ. ಪುಸ್ತಕಗಳು ನನ್ನವಲ್ಲ, ಹಾಸ್ಟೆಲ್ಲಿನ ಮೂಲೆ ರೂಮಿನ ಸೀನಿಯರ್ ಒಬ್ಬರದು. ಅವರ ಅಕ್ಕ ಅಮೆರಿಕದಲ್ಲಿದ್ದರು. ಊರಿಗೆ ಬಂದಾಗಲೆಲ್ಲ ತಮ್ಮನಿಗೆ ಚಾಕೊಲೇಟಿನ ಜೊತೆ ಕಾಮಿಕ್ಸ್ ತರುತ್ತಿದ್ದರು. ಚಾಕೊಲೇಟ್ ಒಂದೇ ರಾತ್ರಿಗೆ ಖಾಲಿ. ಕಾಮಿಕ್ಸ್ ಮಾತ್ರ ವರ್ಷಗಟ್ಟಲೆ ರೂಮಿಂದ ರೂಮಿಗೆ ಓಡಾಡುತ್ತಿತ್ತು. ಒಂದಷ್ಟು ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಿಂದಲೂ ಬಂದವು. ಮುಖಪುಟ ಹರಿದಿದ್ದರೆ ಚೌಕಾಸಿ ಸುಲಭ.

ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಫ್ಯಾಂಟಮ್ ಮತ್ತು ಮಾಂಡ್ರೇಕ್. ಅಣ್ಣಂದಿರು ಕಟ್ಟಿಟ್ಟಿದ್ದ ಹಳೇ ಇಂದ್ರಜಾಲ್ ಕಾಮಿಕ್ಸ್‌ನ ಕೃಪೆ. ಇಬ್ಬರೂ ಲೀ ಫಾಕ್ ಎಂಬ ಒಬ್ಬನೇ ಲೇಖಕನ ಮಕ್ಕಳು. ಆದರೆ ನನ್ನ ದೃಷ್ಟಿಯಲ್ಲಿ ಫ್ಯಾಂಟಮ್ ಮೋಸ! 'ನಡೆದಾಡುವ ಭೂತ' ಅಂತ ಹೆಸರು, ನೋಡಿದರೆ ಭೂತವೇ ಅಲ್ಲ. ಅಪ್ಪ ಸತ್ತ ಮೇಲೆ ಮಗ ಅದೇ ಮುಸುಕು ಹಾಕಿಕೊಳ್ಳುತ್ತಾನೆ, ಹೀಗೆ 21 ತಲೆಮಾರು. ನನಗೆ ಬೇಕಾಗಿದ್ದದ್ದು ಅಸಲಿ ದೆವ್ವ.

ಅಸಲಿ ದೆವ್ವಗಳಿಗೆ ಅಮೆರಿಕದಲ್ಲೇ ಬಹಳ ಕಾಲ ನಿಷೇಧ ಇತ್ತು ಅನ್ನೋದು ಸೀನಿಯರ್ ಹೇಳಿದ ಮೇಲೆ ತಿಳಿಯಿತು. 1950ರ ಹೊತ್ತಿಗೆ ಇ.ಸಿ. ಕಾಮಿಕ್ಸ್ ಎಂಬ ಕಂಪನಿ ಗೋರಿಯಿಂದ ಎದ್ದು ಬರುವ ಹೆಣಗಳ ಕಥೆ ಮಾರಿ ಭರ್ಜರಿ ದುಡ್ಡು ಮಾಡುತ್ತಿತ್ತು. ಮಕ್ಕಳು ಕೆಡುತ್ತಿದ್ದಾರೆ ಅಂತ ಗಲಾಟೆ ಎದ್ದಿತು. 1954ರಲ್ಲಿ ಸೆನೆಟ್ ಸಮಿತಿಯ ಮುಂದೆ ವಿಚಾರಣೆಯೂ ಆಯಿತು. ಹೆದರಿದ ಪ್ರಕಾಶಕರು ಅದೇ ವರ್ಷ ಸೇರಿಕೊಂಡು ತಾವೇ ಒಂದು ಸಂಹಿತೆ ಬರೆದುಕೊಂಡರು. ರಕ್ತಪಿಶಾಚಿ ಬೇಡ, ತೋಳಮನುಷ್ಯ ಬೇಡ, ನಡೆದಾಡುವ ಹೆಣ ಬೇಡ, ಹೆಸರಿನಲ್ಲಿ 'ಹಾರರ್' ಅನ್ನೋ ಪದವೂ ಬೇಡ. ಮಾರ್ವ್ ವುಲ್ಫ್‌ಮನ್ ಎಂಬ ಲೇಖಕನ ಕಥೆ ಕೇಳಿ. ಒಂದು ಸಂಚಿಕೆಯಲ್ಲಿ 'ಅಲೆಮಾರಿ ವುಲ್ಫ್‌ಮನ್ ಹೇಳಿದ ಕಥೆ' ಅಂತ ಅಚ್ಚಾಗಬೇಕಿತ್ತು. ತೋಳಮನುಷ್ಯ ಬಂದುಬಿಟ್ಟ ಅಂತ ಸಂಹಿತೆಯವರು ತಕರಾರು ತೆಗೆದರು. ಸ್ವಾಮಿ, ಅದು ಆತನ ಹೆಸರು ಅಂದಾಗ, ಹಾಗಾದರೆ ಲೇಖಕನೆಂದು ಹೆಸರು ಹಾಕಿ ಅಂದರಂತೆ. 1971ರಲ್ಲಿ ನಿಯಮ ಸಡಿಲವಾಯಿತು. ಮರುವರ್ಷವೇ ಮಾರ್ವೆಲ್ ಕಂಪನಿಯವರು ಡ್ರಾಕುಲಾನ ಹೆಸರಲ್ಲಿ ಕಾಮಿಕ್ಸ್ ಸರಣಿ ಶುರು ಮಾಡಿದರು. ಕೆಲವು ಸಂಚಿಕೆಗಳಾದ ಮೇಲೆ ಅದನ್ನು ಬರೆಯಲು ಬಂದವನೂ ಇದೇ ವುಲ್ಫ್‌ಮನ್! ಚಿತ್ರ ಜೀನ್ ಕೋಲನ್‌ದು. ಅದರ ಬಿಡಿ ಸಂಚಿಕೆಗಳು ನಮಗೆ ಸಿಕ್ಕಿದ್ದವು. ಚಿತ್ರಗಳಲ್ಲಿ ಮಂಜು, ನೆರಳು ಚೆನ್ನಾಗಿದ್ದವು, ಮಾತು ಮಾತ್ರ ಸ್ವಲ್ಪ ಜಾಸ್ತಿ ಅನ್ನಿಸುತ್ತಿತ್ತು.

ನನ್ನನ್ನು ಹಿಡಿದು ಕೂರಿಸಿದ್ದು ಹೆಲ್‌ಬಾಯ್. ಮೈಕ್ ಮಿನ್ಯೋಲಾ ಕಲ್ಪಿಸಿ ಬಿಡಿಸಿದ್ದು, ಮೊದಲ ಕಥಾಸರಣಿ 1994ರದ್ದು. ಕೆಂಪು ಮೈ, ಬಾಲ, ಕಲ್ಲಿನ ಬಲಗೈ. ಹಣೆಯ ಮೇಲಿನ ಕೊಂಬು ಉಜ್ಜಿ ಉಜ್ಜಿ ಮೊಟಕಾಗಿದೆ. ಲೋಕ ಮುಗಿಸಲೆಂದು ನರಕದಿಂದ ಕರೆಸಿದ ಕೂಸು, ಬೆಳೆದ ಮೇಲೆ ದೆವ್ವ ಹಿಡಿಯುವ ಇಲಾಖೆಯಲ್ಲಿ ನೌಕರಿಗಿದ್ದಾನೆ. ಅವನದು ನಮ್ಮೂರ ಲೈನ್‌ಮನ್ ಗತ್ತು: ಕರೆ ಬಂದರೆ ಗೊಣಗುತ್ತಲೇ ಹೋಗುತ್ತಾನೆ, ಏಟು ತಿನ್ನುತ್ತಾನೆ, ಕೆಲಸ ಮುಗಿಸಿ ಬರುತ್ತಾನೆ.

ಅದರಲ್ಲಿ 'ದಿ ಕಾರ್ಪ್ಸ್' ಅಂತ ಒಂದು ಕಥೆ. ಕಾಮಿಕ್ಸ್ ವ್ಯಾಪಾರಿಗಳ ಕ್ಯಾಟಲಾಗಿನಲ್ಲಿ ಎರಡೆರಡು ಪುಟವಾಗಿ ಬಂದದ್ದು. 1959, ಐರ್ಲೆಂಡ್. ಯಕ್ಷಿಣಿಗಳು ಒಂದು ಮಗುವನ್ನು ಕದ್ದು, ತೊಟ್ಟಿಲಲ್ಲಿ ಬೇರೇನೋ ಮಲಗಿಸಿ ಹೋಗಿವೆ. ಮಗು ವಾಪಸ್ ಬೇಕಿದ್ದರೆ ಬೆಳಗಾಗುವುದರೊಳಗೆ ಒಂದು ಹೆಣವನ್ನು ಮಣ್ಣು ಮಾಡಬೇಕು. ಹೆಲ್‌ಬಾಯ್ ಹೆಣ ಬೆನ್ನಿಗೇರಿಸಿಕೊಂಡು ಹೊರಡುತ್ತಾನೆ. ಸ್ಮಶಾನಕ್ಕೆ ಹೋದರೆ ಜಾಗ ಇಲ್ಲ. ಸತ್ತವರೇ ಬೇಡ ಅನ್ನುತ್ತಾರೆ. ಬೆನ್ನ ಮೇಲಿನ ಹೆಣ ಬೇರೆ ಮಾತಾಡುತ್ತದೆ.

ಆ ಪುಟ ತೆರೆದ ರಾತ್ರಿ ನನ್ನ ರೂಮ್‌ಮೇಟ್ "ಲೇ, ಇದು ನಮ್ಮ ಬೇತಾಳ ಕಣೋ!" ಅಂತ ಕೂಗಿಯೇಬಿಟ್ಟ. ಚಂದಮಾಮ ಓದಿ ಬೆಳೆದವರಿಗೆ ಬೇರೇನು ಹೊಳೆಯಲು ಸಾಧ್ಯ? ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಛಲ ಬಿಡದ ತ್ರಿವಿಕ್ರಮ. ಆದರೆ ಮಿನ್ಯೋಲಾ ತಂದದ್ದು ಬೇರೆ ಕಡೆಯಿಂದ. ಟೈಗ್ ಓಕೇನ್ ಎಂಬ ಪುಂಡ ರಾತ್ರಿಯಿಡೀ ಹೆಣ ಹೊತ್ತು ಚರ್ಚಿನಿಂದ ಚರ್ಚಿಗೆ ಅಲೆಯುವ ಐರಿಶ್ ಜನಪದ ಕಥೆಯೊಂದಿದೆ. ಅದನ್ನು ಇಂಗ್ಲಿಷಿಗೆ ತಂದ ಡಗ್ಲಸ್ ಹೈಡ್ ಮುಂದೆ, 1938ರಲ್ಲಿ, ಐರ್ಲೆಂಡಿನ ಮೊದಲ ರಾಷ್ಟ್ರಪತಿಯಾದರು. ಬೇತಾಳ ದಡ್ಡರನ್ನು ಮಾತಾಡಿಸುವುದಿಲ್ಲ, ಒಗಟು ಹಾಕಿ ಸತಾಯಿಸುತ್ತದೆ. ಐರಿಶ್ ಹೆಣಕ್ಕೆ ಬೇಕಾಗಿರುವುದು ಆರಡಿ ಜಾಗ ಅಷ್ಟೇ. ಯಾವುದು ಮೇಲು ಅಂತ ಮೆಸ್ಸಿನಲ್ಲಿ ಸಾಂಬಾರ್ ಆರುವವರೆಗೆ ಜಗಳವಾಡಿದ್ದೇವೆ. ನಾನು ಐರಿಶ್ ಹೆಣದ ಪಾರ್ಟಿ.

ಆ ವರ್ಷ ನಮ್ಮ ಕನ್ನಡ ಮೇಷ್ಟ್ರು ರನ್ನನ ಗದಾಯುದ್ಧ ಮಾಡುತ್ತಿದ್ದರು. ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನನನ್ನು ಮರುಳುಗಳು ಗೇಲಿ ಮಾಡುವ ಭಾಗ. ಚಕ್ರವರ್ತಿಗೇ ದೆವ್ವಗಳು ಮರ್ಯಾದೆ ಕೊಡುವುದಿಲ್ಲ ನೋಡಿ ಅಂತ ಮೇಷ್ಟ್ರು ನಗುತ್ತಾ ಹೇಳುವಾಗ ನಾನು ಡೆಸ್ಕಿನ ಕೆಳಗಿದ್ದ ಪುಸ್ತಕ ಮುಟ್ಟಿ ನೋಡಿಕೊಂಡೆ. ನನಗೆ ಇಷ್ಟವಾಗುತ್ತಿದ್ದದ್ದು ಇದೇ. ಹೆದರಿಸುವುದೇ ಕಸುಬಾದ ದೆವ್ವ ಎರಡನೇ ಸಲಕ್ಕೆ ಬೇಜಾರು. ಮಾತಾಡುವ, ವ್ಯವಹಾರ ಮಾಡುವ, ಕೊಂಕು ತೆಗೆಯುವ ದೆವ್ವವಾದರೆ ಎಷ್ಟು ಸಲ ಬಂದರೂ ಬೇಸರವಿಲ್ಲ.

ಹೆಲ್‌ಬಾಯ್‌ನದೇ ಎರಡು ಪುಟದ ಇನ್ನೊಂದು ಕಥೆ ಇದಕ್ಕೆ ಸಾಕ್ಷಿ. 1947, ಅವನಿನ್ನೂ ಸಣ್ಣ ಹುಡುಗ. ತಿಂಡಿಗೆ ನೂಡಲ್ಸೇ ಬೇಕು ಅಂತ ಹಟ. ಕೊನೆಗೆ ಬಲವಂತಕ್ಕೆ ಒಂದು ತುತ್ತು ಪ್ಯಾನ್‌ಕೇಕ್ ಬಾಯಿಗಿಡುತ್ತಾನೆ. ರುಚಿ ಹತ್ತಿತು! ಅತ್ತ ನರಕದ ರಾಜಧಾನಿಯಲ್ಲಿ ದೊಡ್ಡ ದೊಡ್ಡ ಪಿಶಾಚಿಗಳೆಲ್ಲ ಗೋಳಾಡುತ್ತವೆ: ಇನ್ನು ಅವನು ನಮ್ಮ ಕೈಗೆ ಸಿಗುವುದಿಲ್ಲ! ಕಾಮಿಕ್ಸ್ ಅಂದರೆ ಮೂಗು ಮುರಿಯುತ್ತಿದ್ದವರಿಗೆಲ್ಲ ನಾನು ಮೊದಲು ಕೊಡುತ್ತಿದ್ದದ್ದು ಇದನ್ನೇ. ನಗದೆ ವಾಪಸ್ ಕೊಟ್ಟವರು ಕಡಿಮೆ.

ಈಗಿನ ಹುಡುಗರು ಸಿನಿಮಾ ನೋಡಿ ಹೆಲ್‌ಬಾಯ್ ಗೊತ್ತು ಅನ್ನುತ್ತಾರೆ. ಸಿನಿಮಾ ಇರಲಿ, ಆದರೆ ಮಿನ್ಯೋಲಾ ಅರ್ಧ ಪುಟಕ್ಕೆ ಸುರಿಯುವ ಆ ಗಟ್ಟಿ ಕಪ್ಪು ಬಣ್ಣ ಪುಸ್ತಕದಲ್ಲೇ ನೋಡಬೇಕು. ನಮ್ಮ ಲೈಬ್ರರಿಯಲ್ಲಿ ಆಗ ಕಾಮಿಕ್ಸ್ ಕಪಾಟು ಇರಲಿಲ್ಲ. ಈಗ ಇದ್ದರೆ ಬಹಳ ಸಂತೋಷ. ಇಲ್ಲದಿದ್ದರೆ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಒಂದು ಕಪಾಟು ಕೊಡಿಸೋಣ, ಪುಸ್ತಕ ನಾನು ಕೊಡುತ್ತೇನೆ. ಹೆಣದ ಕಥೆ ಕೆಳಗಿನ ಅರೆಯಲ್ಲೇ ಇರಲಿ, ಫಸ್ಟ್ ಇಯರ್‌ನವರ ಕೈಗೆ ಬೇಗ ಸಿಗುತ್ತದೆ.