ಬಾಗಿಲಡಿಯ ಅಡಿಕೆ

14 ಜುಲೈ 2024, ಭಾನುವಾರ
ಶಿರಸಿ ಸೀಮೆ

ಪುನರ್ವಸು ಮಳೆ ಬೆಳಗಿನಿಂದ ಹನಿ ಕಡಿದಿಲ್ಲ. ವಿದ್ಯುತ್ ಹೋಗಿ ಎರಡು ದಿನವಾಯಿತು. ಮೊಬೈಲಿನಲ್ಲಿ ಉಳಿದಿರುವ ಚಾರ್ಜಿನಲ್ಲೇ ಇದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ಇವತ್ತು ನಮ್ಮ ಬೆಕ್ಕು ಗೌರಿ ಉಂಡಳು. ನಾಲ್ಕು ದಿನದ ಮೇಲೆ.

ಗೌರಿ ನಮ್ಮ ಮನೆಗೆ ಬಂದದ್ದು 2015ರ ಚೌತಿಯ ಹಿಂದಿನ ದಿನ. ಕೊಟ್ಟಿಗೆಯ ದರಕಿನ, ಎಂದರೆ ಒಣ ಎಲೆಗಳ, ರಾಶಿಯೊಳಗೆ ಒಂದು ಮುಷ್ಟಿಯಷ್ಟು ಮರಿ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಮೈಮೇಲೆ. ಪಶುವೈದ್ಯರು ದೂರದಿಂದ ನೋಡಿಯೇ ಹೆಣ್ಣು ಎಂದಿದ್ದರು. ಕೇಸರಿ ಬಣ್ಣದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಕಪ್ಪು, ಕೇಸರಿ ಎರಡೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಬೇಕು, ಗಂಡಿನಲ್ಲಿ ಅದು ತೀರಾ ಅಪರೂಪ ಎಂದು ಆಮೇಲೆ ತಿಳಿಸಿಕೊಟ್ಟರು. ಗೌರಿಹಬ್ಬದ ಹೊತ್ತಿಗೆ ಬಂದ ಹೆಣ್ಣುಮಗಳು ಎಂದು ಆಯಿ, ನನ್ನ ಅಮ್ಮ, ಹೆಸರಿಟ್ಟಳು.

ಅವಳು ಯಾರ ಮಡಿಲಿಗೂ ಬರುವವಳಲ್ಲ. ಎತ್ತಿಕೊಂಡರೆ ಮೈ ಬಿಗಿಹಿಡಿಯುತ್ತಾಳೆ. ಆದರೆ ಜಗಲಿಯ ಆ ತುದಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿ, ನಿಧಾನವಾಗಿ ತೆರೆಯುತ್ತಾಳೆ. ನಾನೂ ಹಾಗೆಯೇ ಮಾಡಿದರೆ ಇನ್ನೊಮ್ಮೆ ಮುಚ್ಚುತ್ತಾಳೆ. ಬೆಕ್ಕು ಕಣ್ಣು ಮುಚ್ಚಿತೆಂದರೆ ನಮಗೆ ಕದ್ದು ಹಾಲು ಕುಡಿಯುವ ಗಾದೆಯೇ ನೆನಪಾಗುತ್ತದೆ. ಗೌರಿ ಕಣ್ಣು ಮುಚ್ಚುವುದು ನಂಬಿಕೆಯಿಂದ. ಇಂಗ್ಲೆಂಡಿನ ಸಂಶೋಧಕರು 2020ರಲ್ಲಿ ಇದನ್ನೇ ಪರೀಕ್ಷಿಸಿ, ಮನುಷ್ಯರು ಹೀಗೆ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಹೆಚ್ಚಾಗಿ ಹಾಗೆಯೇ ಉತ್ತರಿಸುತ್ತವೆ ಎಂದು ಪ್ರಕಟಿಸಿದ್ದನ್ನು ಓದಿದಾಗ, ನಮ್ಮ ಮನೆಯ ಮಾತೊಂದು ಅಚ್ಚಾದಷ್ಟು ಸಂತೋಷವಾಗಿತ್ತು.

ಕರಿಯ ಅವಳ ಮಗ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಲ್ಲ, ಅವನನ್ನು ಗೌರಿ ಕುತ್ತಿಗೆಯಲ್ಲಿ ಕಚ್ಚಿಕೊಂಡು ಮೇಲಿನ ಮೆತ್ತಿಗೆ (ಅಟ್ಟಕ್ಕೆ), ಮೆತ್ತಿಯಿಂದ ಕೊಟ್ಟಿಗೆಗೆ, ಕೊನೆಗೆ ಆಯಿಯ ಸೀರೆಯ ಟ್ರಂಕಿಗೆ ಸಾಗಿಸಿದ್ದಳು. ಅದಕ್ಕೋ ಏನೋ, ಅವನು ಇಂದಿಗೂ ಆಯಿಯ ಪಾಲು. ಹೊರಗೆ ಮಾಳಬೆಕ್ಕಿನೊಡನೆ ಕಾದಾಡಿ ಕಿವಿ ಹರಿದುಕೊಂಡು ಬರುವ ಗಂಡು, ರಾತ್ರಿ ಅವಳ ಕಂಬಳಿ ಹತ್ತಿದ ಕೂಡಲೇ ಮರಿಯಾಗುತ್ತಾನೆ. ಮುಂಗಾಲುಗಳ ಬೆರಳು ಬಿಡಿಸಿ, ಮಡಚಿ, ಒಂದಾದ ಮೇಲೊಂದರಂತೆ ನಾದುತ್ತಲೇ ಇರುತ್ತಾನೆ. ಹಾಲು ಇಳಿಯಲೆಂದು ತಾಯಿಯ ಹೊಟ್ಟೆ ಒತ್ತುತ್ತಿದ್ದ ಕಾಲದ ಅಭ್ಯಾಸ. "ಹಿಟ್ಟು ಹದವಾಯಿತೇನೋ?" ಎಂದು ಆಯಿ ಕೇಳುತ್ತಾಳೆ. ಗುರುಗುರು ಎನ್ನುತ್ತಾನೆ.

ಇನ್ನು ಮುತ್ತು, ಎಂಟು ತಿಂಗಳ ಹುಡುಗ. ಕಟ್ಟೆಯ ಮೇಲಿನ ಲೋಟವನ್ನು ತುದಿಯವರೆಗೆ ತಳ್ಳಿ, ಒಮ್ಮೆ ನಮ್ಮ ಮುಖ ನೋಡಿ, ಆಮೇಲೆ ಬೀಳಿಸುತ್ತಾನೆ. ಅವನ ನಿಜವಾದ ಪ್ರೀತಿ ಮಾತ್ರ ಒಂದು ಚಾಲಿ, ಎಂದರೆ ಒಣಗಿಸಿ ಸುಲಿದ, ಅಡಿಕೆಯ ಮೇಲೆ. ಮನೆಯಲ್ಲಿ ಚೀಲಗಟ್ಟಲೆ ಅಡಿಕೆ ಇದ್ದರೂ ಅವನಿಗೆ ಅದೊಂದೇ ಬೇಕು. ಅದನ್ನು ಯಾವುದಾದರೂ ಬಾಗಿಲಿನ ಅಡಿಗೆ ನೂಕಿ, ಕೆನ್ನೆ ನೆಲಕ್ಕೆ ಹಚ್ಚಿ ಕಾಯುತ್ತಾನೆ. ಒಳಗಿದ್ದವರು ತಿರುಗಿ ನೂಕಬೇಕು. ಗೌರಿ ಒಳಗಿದ್ದರಂತೂ ಆಟ ಅರ್ಧ ಗಂಟೆ ನಡೆಯುತ್ತಿತ್ತು. ಒಂಬತ್ತು ವರ್ಷದ ಗಂಭೀರ ಹೆಂಗಸು ಆ ಹುಡುಗನ ಅಡಿಕೆಗೆ ಮಾತ್ರ ಕಾಲು ಚಾಚುತ್ತಿದ್ದಳು.

ಬುಧವಾರ ಅವಳಿಗೆ ಶೀತ ಹಿಡಿಯಿತು. ಮೂಗು ಕಟ್ಟಿತು, ಕಣ್ಣು ಪಿಸುರು ಕಟ್ಟಿ ಅಂಟಿಕೊಂಡಿತು. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗುವುದಿಲ್ಲ, ವಾಸನೆ ಸಿಗದಿದ್ದರೆ ಅದು ಉಣ್ಣುವುದಿಲ್ಲ, ಉಪವಾಸ ಹೀಗೇ ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ ಎಂದರು ವೈದ್ಯರು. ಔಷಧಿ ಕೊಟ್ಟು, ಉಳಿದ ಬೆಕ್ಕುಗಳಿಂದ ಬೇರೆ ಇಡಿ, ಏನು ಕೊಟ್ಟರೂ ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳಲಿ ಎಂದರು. ಒಲೆಯ ಕಾವಿರುವ ಬಚ್ಚಲುಮನೆಯಲ್ಲಿ ಗೋಣಿ ಹಾಸಿ ಮಲಗಿಸಿದೆ. ಹಾಲನ್ನ, ತುಪ್ಪ, ಪೇಟೆಯಿಂದ ತಂದ ಬೆಕ್ಕಿನ ಆಹಾರ, ಯಾವುದನ್ನೂ ಮೂಸಲಿಲ್ಲ. ಉಗುರುಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಕಣ್ಣು ಒರೆಸಿ ಅವಳೆದುರು ಕುಳಿತು ಕಣ್ಣು ಮಿಟುಕಿಸಿದರೆ, ನೋಟ ನನ್ನನ್ನು ದಾಟಿ ಗೋಡೆಗೆ ಹೋಗುತ್ತಿತ್ತು. ಮುತ್ತುವಿನ ಅಡಿಕೆ ಬಾಗಿಲಡಿಯಿಂದ ಒಳಗೆ ಬರುತ್ತಿತ್ತು, ಅಲ್ಲಿಯೇ ನಿಲ್ಲುತ್ತಿತ್ತು. ನಾನು ತಿರುಗಿ ನೂಕಿದರೆ ಅವನು ಮತ್ತೆ ಒಳಗೇ ಕಳಿಸುತ್ತಿದ್ದ.

ಇಂದು ಬೆಳಿಗ್ಗೆ, ಅಡಿಕೆಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು ಬಾಕಿಯಿದ್ದ ಮರ ನೋಡಲು, ಮರ ಹತ್ತುವ ಕೊನೆಗೌಡರು ಬಂದವರು ಸಂಗತಿ ಕೇಳಿ ತಿರುಗಿ ಹೋದರು. ಹತ್ತು ಗಂಟೆಗೆ ಬಾಳೆಲೆಯಲ್ಲಿ ನಾಲ್ಕು ಹತ್ತುಮೀನು (ಮಳೆನೀರಿಗೆ ಎದುರು ಹತ್ತಿ ಬರುವ ಮೀನು), ಉಪ್ಪಿಲ್ಲದೆ ಬೇಯಿಸಿದ್ದು, ತಂದುಕೊಟ್ಟರು. ನಮ್ಮ ಮನೆಯಂಗಳಕ್ಕೆ ಮೊಟ್ಟೆಯೂ ಬಂದದ್ದಿಲ್ಲ. ನಾನು ಆಯಿಯ ಮುಖ ನೋಡಿದೆ. ಅವಳು ಒಳಗೆ ಹೋಗಿ ಒಂದು ತೆಂಗಿನ ಕರಟ ತಂದು ನನ್ನ ಕೈಗಿಟ್ಟು, "ಬಚ್ಚಲ ಒಲೆಯ ಕೆಂಡದ ಹತ್ತಿರ ಇಡು, ಬಿಸಿಯಾಗಲಿ. ಮುಳ್ಳು ಒಂದೂ ಉಳಿಯಬಾರದು" ಎಂದಳು.

ಜೀವಮಾನದಲ್ಲಿ ಮೊದಲ ಸಲ ಮೀನಿನ ಮುಳ್ಳು ಬಿಡಿಸಿದೆ. ಕೂದಲಿನಷ್ಟು ಸಣ್ಣ ಮುಳ್ಳು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಬೆರಳ ತುದಿಗೆ ಒಂದಿಷ್ಟು ಹಚ್ಚಿ ಅವಳ ಮೂಗಿನ ಬಳಿ ಹಿಡಿದೆ. ಮೀಸೆ ಮುಂದಕ್ಕೆ ಬಂತು. ಮೂಗಿನ ಹೊಳ್ಳೆ ಅರಳಿತು. ಮರಳಿನಂತೆ ಒರಟಾದ ನಾಲಗೆ ಬೆರಳನ್ನು ಒಮ್ಮೆ, ಮತ್ತೊಮ್ಮೆ ಉಜ್ಜಿತು. ಆಮೇಲೆ ಕರಟಕ್ಕೇ ಬಾಯಿ ಹಾಕಿದಳು. ಅರ್ಧ ಉಂಡಳು, ಮುಖ ತೊಳೆದುಕೊಂಡಳು. ಕಾಯಿಲೆಯಾದ ಮೇಲೆ ಅವಳು ಮುಖ ತೊಳೆದದ್ದೇ ಇರಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಲಾಟೀನು ಹಿಡಿದು ಔಷಧಿ ಹಾಕಲು ಹೋದಾಗ ಬಾಗಿಲಡಿಯಿಂದ ಅಡಿಕೆ ಉರುಳಿ ಬಂತು. ನಾನು ಮುಟ್ಟಲಿಲ್ಲ. ಗೌರಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕಣ್ಣು ನಿಧಾನವಾಗಿ ಮುಚ್ಚಿ ತೆರೆದಳು. ಗೋಣಿಯಿಂದ ಏಳದೆಯೇ ಬಿಳಿಯ ಮುಂಗಾಲು ಚಾಚಿ ಒಮ್ಮೆ ತಟ್ಟಿದಳು. ಅಡಿಕೆ ಬಾಗಿಲಿಗೆ ಬಡಿದು ನಿಂತಿತು. ಇನ್ನೊಮ್ಮೆ ತಟ್ಟಿದಳು, ಹೊರಗೆ ಹೋಯಿತು.

ಹೊರಗೆ ಧಡಬಡ ಸದ್ದು. ಮರುಕ್ಷಣವೇ ಅಡಿಕೆ ಮತ್ತೆ ಒಳಗೆ ಬಂತು.