ಖಾಲಿ ಬಾಟಲಿ ತಂದು ‘ಇದೇ ಕೊಡಿ’ ಎನ್ನುವವರಿಗೆ

ಮಾರ್ಚ್ ಬಂತೆಂದರೆ ನನ್ನ ಮೆಡಿಕಲ್ ಶಾಪಿಗೆ ಖಾಲಿ ಡ್ರಾಪ್ಸ್ ಬಾಟಲಿಗಳ ಮೆರವಣಿಗೆ ಶುರುವಾಗುತ್ತದೆ. ದಾವಣಗೆರೆ ಜಿಲ್ಲೆಯ ಒಂದು ತಾಲೂಕು ಕೇಂದ್ರ ನಮ್ಮದು. ಬೇಸಿಗೆಯಲ್ಲಿ ದೂಳು, ಮಳೆ ಬಿದ್ದ ಮೇಲೆ ಕಾಂಗ್ರೆಸ್ ಗಿಡದ ಪರಾಗ, ಅದರ ಹಿಂದೆಯೇ ಮೆಕ್ಕೆಜೋಳದ ಒಕ್ಕಣೆ. ಇಲ್ಲಿ ಕಣ್ಣು ತುರಿಸದ ತಿಂಗಳು ಯಾವುದೆಂದು ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಬರುವವರು ಹೆಚ್ಚು ಮಾತನಾಡುವುದಿಲ್ಲ. ಬಾಟಲಿ ಮುಂದಿಟ್ಟು ‘ಇದೇ ಕೊಡಿ’ ಎನ್ನುತ್ತಾರೆ. ಚೀಟಿ ಕೇಳಿದರೆ ಅದು ಯಾವಾಗಲೂ ಮನೆಯಲ್ಲಿಯೇ ಇರುತ್ತದೆ.

ನಾನು ಬಾಟಲಿ ತಿರುಗಿಸಿ, ದೊಡ್ಡ ಹೆಸರಿನ ಕೆಳಗೆ ಇರುವೆ ಸಾಲಿನಂತೆ ಅಚ್ಚಾದ ಸಣ್ಣ ಅಕ್ಷರಗಳನ್ನು ಓದುತ್ತೇನೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್: ಇವುಗಳಲ್ಲಿ ಯಾವುದೇ ಇದ್ದರೂ ಅದು ಸ್ಟೀರಾಯ್ಡ್. ಬಹಳ ಸಲ ಜೊತೆಯಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಅಥವಾ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಕೂಡ ಇರುತ್ತದೆ. ಹಾಗಾಗಿ ಜನ ಅದನ್ನು ‘ಆಂಟಿಬಯಾಟಿಕ್ ಡ್ರಾಪ್ಸ್’ ಎಂದೇ ನಂಬಿರುತ್ತಾರೆ. ಅಲರ್ಜಿಯಲ್ಲಿ ಕೊಲ್ಲಬೇಕಾದ ರೋಗಾಣುವೇ ಇಲ್ಲ, ಆಂಟಿಬಯಾಟಿಕ್ ಅಲ್ಲಿ ಮಾಡುವುದೇನೂ ಇಲ್ಲ. ತುರಿಕೆ, ಕೆಂಪು ಎರಡನ್ನೂ ಅಷ್ಟು ಬೇಗ ಇಳಿಸಿದ್ದು ಸ್ಟೀರಾಯ್ಡ್. ಅಷ್ಟು ಚೆನ್ನಾಗಿ ಕೆಲಸ ಮಾಡುವುದೇ ಅದರ ಅಪಾಯ. ಕೆಲಸ ಮಾಡದ ಔಷಧಿಯನ್ನು ಯಾರೂ ಎರಡನೇ ಸಲ ಕೇಳಿಕೊಂಡು ಬರುವುದಿಲ್ಲ.

ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಚಿಕ್ಕಂದಿನಿಂದ ಕಣ್ಣಿನ ಅಲರ್ಜಿಯ ಕಾಯಿಲೆ. ವೈದ್ಯರು ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಎನ್ನುತ್ತಾರೆ, ಚೀಟಿಯಲ್ಲಿ ವಿಕೆಸಿ ಎಂದು ಬರೆಯುತ್ತಾರೆ. ಬಿಸಿಲು, ಒಣಹವೆಯ ಊರುಗಳಲ್ಲಿ ಹೆಚ್ಚು. ಹುಡುಗಿಯರಿಗಿಂತ ಹುಡುಗರಿಗೆ ಹೆಚ್ಚು. ಮೇಲಿನ ರೆಪ್ಪೆಯ ಒಳಗೆ ಗಂಟುಗಂಟಾಗಿ, ನೂಲಿನಂತೆ ಎಳೆಯುವ ಗೀಜು ಬಂದು, ಬೆಳಕು ನೋಡಲು ಆಗದೆ ಮಗು ತಲೆ ತಗ್ಗಿಸಿಕೊಂಡೇ ಓಡಾಡುತ್ತದೆ. ಹೆಚ್ಚಿನವರಲ್ಲಿ ಪ್ರಾಯಕ್ಕೆ ಬಂದ ಮೇಲೆ ತಾನಾಗಿ ತಗ್ಗುತ್ತದೆ. ಅಲ್ಲಿಯವರೆಗೆ ಕಣ್ಣನ್ನು ಉಳಿಸಿಕೊಂಡು ಹೋಗುವುದೇ ಚಿಕಿತ್ಸೆ. ಹುಡುಗನ ತಂದೆ ತಂದ ಚೀಟಿ ಹಿಂದಿನ ಬೇಸಿಗೆಯದು. ಅದರಲ್ಲಿ ಪ್ರೆಡ್ನಿಸೋಲೋನ್ ದಿನಕ್ಕೆ ನಾಲ್ಕು ಸಲ ಒಂದು ವಾರ, ಆಮೇಲೆ ವಾರಕ್ಕೊಂದರಂತೆ ಮೂರು, ಎರಡು, ಒಂದು, ಅಲ್ಲಿಗೆ ನಿಲ್ಲಿಸಿ ಬಂದು ತೋರಿಸಿ ಎಂದು ಸ್ಪಷ್ಟವಾಗಿತ್ತು. ನಾಲ್ಕು ಎಂಬುದನ್ನಷ್ಟೇ ಓದಿಕೊಂಡು, ತುರಿಕೆ ಬಂದಾಗಲೆಲ್ಲ ವರ್ಷಪೂರ್ತಿ ಹಾಕಿದ್ದರು. ಕೊಡುವುದಿಲ್ಲ ಎಂದಾಗ ‘ನೀವೇನು ಡಾಕ್ಟರಾ ಮೇಡಂ?’ ಎಂದರು. ಅಲ್ಲ, ಅದಕ್ಕೇ ಕೊಡುತ್ತಿಲ್ಲ ಎಂದೆ. ಸಿಟ್ಟಿನಿಂದ ಹೋದರು. ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು ಎಂದು ಆಮೇಲೆ ಗೊತ್ತಾಯಿತು.

ಸ್ಟೀರಾಯ್ಡ್ ಹಾಕುತ್ತಾ ಹೋದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ಏರುತ್ತದೆ, ಕೆಲವರಿಗೆ ಬಹಳ. ಮಕ್ಕಳಲ್ಲಿ ಇನ್ನೂ ಬೇಗ ಏರಬಹುದು. ನೋವಿಲ್ಲ, ಕೆಂಪಿಲ್ಲ, ಕಣ್ಣು ನೋಡಲು ಹಾಲಿನಂತೆ ಬಿಳಿ. ಒಳಗೆ ದೃಷ್ಟಿನರ ಸವೆಯುತ್ತಿರುತ್ತದೆ. ಇದೇ ಗ್ಲಾಕೋಮಾ, ಇದರಲ್ಲಿ ಒಮ್ಮೆ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಸ್ಟೀರಾಯ್ಡ್‌ನಿಂದ ಕಣ್ಣಿಗೆ ಪೊರೆಯೂ ಬರಬಹುದು. ಪೊರೆಗೆ ಶಸ್ತ್ರಚಿಕಿತ್ಸೆಯಾದರೂ ಇದೆ, ಹದಿನಾಲ್ಕನೇ ವಯಸ್ಸಿಗೆ ಪೊರೆಯ ಆಪರೇಷನ್ ಬೇಕೇ ಎಂಬುದು ಬೇರೆ ಪ್ರಶ್ನೆ. ಕಣ್ಣಿನ ಒತ್ತಡ ಸಾಮಾನ್ಯವಾಗಿ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಇರುತ್ತದೆ. ಆ ಹುಡುಗನಿಗೆ ಶಾಲೆಯಲ್ಲಿ ಬೋರ್ಡ್ ಕಾಣಿಸದೆ ಕೊನೆಗೆ ಕಣ್ಣಾಸ್ಪತ್ರೆಗೆ ಕರೆದೊಯ್ದಾಗ ಮೂವತ್ತರ ಮೇಲಿತ್ತು. ಸ್ಟೀರಾಯ್ಡ್ ನಿಲ್ಲಿಸಿ, ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಎಂಬ ಮುಲಾಮು ಕೊಟ್ಟರು, ಒತ್ತಡ ಇಳಿಸಲು ಬೇರೆ ಡ್ರಾಪ್ಸ್ ಕೊಟ್ಟರು. ಈಗ ಒತ್ತಡ ಹತೋಟಿಯಲ್ಲಿದೆ. ಟ್ಯಾಕ್ರೋಲಿಮಸ್ ಮೊದಲ ಕೆಲವು ದಿನ ಚುರುಚುರು ಎನ್ನುತ್ತದೆ. ಉರಿಯಿತೆಂದು ಹೇಳದೆ ಕೇಳದೆ ಬಿಟ್ಟುಬಿಡುವವರು ಬಹಳ ಮಂದಿ, ಆದ್ದರಿಂದ ಕೊಡುವಾಗಲೇ ಹೇಳಿಬಿಡುತ್ತೇನೆ. ವಿಪರೀತ ಉರಿದರೆ ವೈದ್ಯರಿಗೆ ಫೋನ್ ಮಾಡಬೇಕು.

ಸ್ಟೀರಾಯ್ಡ್ ವಿಷವೆಂದು ನಾನು ಹೇಳುತ್ತಿಲ್ಲ. ಕಾಯಿಲೆ ಕೆರಳಿ ಕಾರ್ನಿಯಾಕ್ಕೆ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ, ಇಳಿದಾಗ ಅದನ್ನು ಹಾಕದಿರುವುದೇ ತಪ್ಪಾಗುತ್ತದೆ. ಅದು ವೈದ್ಯರು ಅಳೆದು ಕೊಟ್ಟು, ಒತ್ತಡ ನೋಡುತ್ತಾ ಇಳಿಸುವ ಔಷಧಿ. ದಿನನಿತ್ಯದ ತುರಿಕೆಗೆ ಬೇರೆ ಡ್ರಾಪ್ಸ್‌ಗಳಿವೆ. ಒಲೋಪಟಡೀನ್ ನಮ್ಮಲ್ಲಿ ಹೆಚ್ಚು ಬರೆಯುವುದು. 0.1 ಶೇಕಡಾದ್ದನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 0.2ರದ್ದನ್ನು ಒಂದೇ ಸಲ ಹಾಕುತ್ತಾರೆ. ಬಾಟಲಿಗಳು ನೋಡಲು ಅವಳಿಗಳಂತಿದ್ದರೂ ಲೆಕ್ಕ ಬೇರೆ. ಸೋಡಿಯಂ ಕ್ರೋಮೋಗ್ಲೈಕೇಟ್ ದಿನಕ್ಕೆ ನಾಲ್ಕು ಸಲ ಹಾಕಬೇಕು, ಪರಿಣಾಮ ಕಾಣಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಎರಡು ದಿನ ಹಾಕಿ ‘ಇದು ನೀರು’ ಎಂದು ಹಿಂದಿರುಗಿಸಲು ಬರುತ್ತಾರೆ. ಇವುಗಳನ್ನು ಋತು ಶುರುವಾಗುವ ಮೊದಲೇ ಹಾಕಲು ವೈದ್ಯರು ಹೇಳಿದ್ದರೆ, ತುರಿಕೆ ಇಲ್ಲದ ದಿನವೂ ಹಾಕಬೇಕು.

ಇನ್ನು ಗುಂಡುಸೂಜಿಯ ವಿಷಯ. ಹೊಸ ಬಾಟಲಿಯ ತುದಿ ಮುಚ್ಚಿರುತ್ತದೆ. ಹಲವು ಬಾಟಲಿಗಳ ಮುಚ್ಚಳದ ಒಳಗೇ ಒಂದು ಮೊನೆ ಇರುತ್ತದೆ, ಮುಚ್ಚಳವನ್ನು ಪೂರ್ತಿ ಬಿಗಿಯಾಗಿ ತಿರುಗಿಸಿದರೆ ಅದೇ ತೂತು ಮಾಡುತ್ತದೆ. ಇದನ್ನು ಯಾರೂ ಹೇಳಿಕೊಡದ ಕಾರಣ ಸೀರೆಯ ಪಿನ್ನು, ಗುಂಡುಸೂಜಿ, ಒಬ್ಬರಂತೂ ಕಿವಿಯೋಲೆಯ ಕಡ್ಡಿಯನ್ನೇ ಚುಚ್ಚಿ ತಂದಿದ್ದರು. ಕ್ರಿಮಿಶುದ್ಧವಾಗಿ ಬಂದ ಔಷಧಿಗೆ ಮೊದಲ ದಿನವೇ ಕೊಳೆ ಸೇರುತ್ತದೆ. ತೂತು ದೊಡ್ಡದಾಗಿ, ಹನಿ ಬೀಳುವ ಬದಲು ಧಾರೆಯೇ ಸುರಿಯುತ್ತದೆ. ನಾನೀಗ ಅಂಗಡಿಯಲ್ಲಿಯೇ ಮುಚ್ಚಳ ತಿರುಗಿಸುವುದನ್ನು ತೋರಿಸಿ, ತೆರೆದ ದಿನಾಂಕ ಬರೆಯಲು ಡಬ್ಬಿಯ ಮೇಲೆ ಗೆರೆ ಎಳೆದುಕೊಡುತ್ತೇನೆ. ಇಂತಹ ಬಾಟಲಿ ತೆರೆದ ಒಂದು ತಿಂಗಳಿಗೆ ಎಸೆಯಬೇಕು, ಅರ್ಧ ಉಳಿದಿದ್ದರೂ ಸರಿ. ಎಕ್ಸ್‌ಪೈರಿ ಮುಂದಿನ ವರ್ಷದ್ದೆಂದು ವಾದಿಸಬೇಡಿ, ಅದು ತೆರೆಯದ ಬಾಟಲಿಯ ಆಯಸ್ಸು.

ಒಂದು ಹನಿ ಸಾಕು. ಕಣ್ಣು ಹಿಡಿದುಕೊಳ್ಳುವುದು ಒಂದು ಹನಿಗಿಂತಲೂ ಕಡಿಮೆ, ಎರಡನೆಯದು ಕೆನ್ನೆಗೆ. ಕೈ ತೊಳೆದು, ಕೆಳರೆಪ್ಪೆಯನ್ನು ಎಳೆದು ಆ ಜೋಳಿಗೆಯೊಳಗೆ ಬಿಡಿ, ಬಾಟಲಿಯ ತುದಿ ರೆಪ್ಪೆಗೂದಲಿಗೆ ತಾಗಬಾರದು. ಆಮೇಲೆ ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಕಣ್ಣಿಗೆ ಹಾಕಿದ್ದು ಗಂಟಲಲ್ಲಿ ಕಹಿಯಾಗುತ್ತದಲ್ಲ ಅಕ್ಕ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ: ಕಣ್ಣೀರಿನ ನಾಳ ಮೂಗಿಗೆ ಇಳಿಯುತ್ತದೆ, ಔಷಧಿಯೂ ಅದೇ ದಾರಿ ಹಿಡಿಯುತ್ತದೆ. ಕಣ್ಣು ತೆರೆಯದೆ ಅಳುವ ಮಗುವನ್ನು ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಗೆ ಹನಿ ಬಿಟ್ಟು ಕಾಯಿರಿ. ತೆರೆದ ಕೂಡಲೇ ಒಳಗೆ ಹೋಗುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ಮುಲಾಮು ಕೊನೆಗೆ. ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್‌ಗಳಲ್ಲಿ ಔಷಧಿ ತಳದಲ್ಲಿ ಕೂರುತ್ತದೆ, ಅಲುಗಾಡಿಸದೆ ಹಾಕಿದರೆ ಮೊದಲಿನ ಹನಿಗಳಲ್ಲಿ ಔಷಧಿ ಕಡಿಮೆ ಇರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದೇ ಹಾಕಬೇಕು. ಅಲರ್ಜಿ ಕೆರಳಿ ಕಣ್ಣು ಕೆಂಪಾಗಿದ್ದರೆ ಲೆನ್ಸ್ ಬೇಡವೇ ಬೇಡ.

2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದ ತುಂಬ ಹಬ್ಬಿದಾಗ ಒಂದೇ ಬಾಟಲಿಯನ್ನು ಇಡೀ ಮನೆಯವರು ಹಾಕಿಕೊಂಡಿದ್ದನ್ನು ನೋಡಿದ್ದೇನೆ. ಅದು ಅಂಟುರೋಗ, ಅಲರ್ಜಿ ಅಂಟುವುದಿಲ್ಲ. ಆಗ ಉಳಿದ ಬಾಟಲಿಗಳನ್ನು ಮರುವರ್ಷ ಮಕ್ಕಳ ತುರಿಕೆಗೆ ಬಳಸಿದವರೂ ಇದ್ದಾರೆ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ ಬಿಡುವವರೊಂದಿಗೆ ಜಗಳವಾಡಿ ನನಗೆ ಸಾಕಾಗಿದೆ. ಅಜ್ಜಿಯ ಮದ್ದೇ ಬೇಕೆಂದರೆ ಶುದ್ಧ ತಣ್ಣೀರಿನಲ್ಲಿ ನೆನೆಸಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಿ, ಅದು ನಿಜವಾಗಿಯೂ ತುರಿಕೆ ಇಳಿಸುತ್ತದೆ. ಉಜ್ಜುವುದು ಮಾತ್ರ ಬೇಡ. ವರ್ಷಗಟ್ಟಲೆ ಉಜ್ಜಿದ ಕಣ್ಣಿನ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವುದುಂಟು.

ಒಕ್ಕಣೆಯ ದಿನಗಳಲ್ಲಿ ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ: ಕಣ್ಣಿಗೆ ಹೊಟ್ಟು, ಗರಿ ಏನಾದರೂ ಬಡಿದಿತ್ತೇ? ಅಲರ್ಜಿ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಅದರ ಗುರುತು ತುರಿಕೆ. ಒಂದೇ ಕಣ್ಣು ನೋಯುತ್ತಿದ್ದರೆ, ನೋಟ ಮಂಜಾಗಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಹುಣ್ಣಾಗಿರಬಹುದು. ಹೊಲದ ಗಾಯದಿಂದ ಬರುವ ಶಿಲೀಂಧ್ರದ ಹುಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು. ಅಂಥವರಿಗೆ ನಾನು ಏನನ್ನೂ ಮಾರುವುದಿಲ್ಲ. ಹಾಕಿಕೊಂಡಿರುವ ಬಾಟಲಿಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಟ್ಟು, ದಾವಣಗೆರೆಗೆ ಮುಂದಿನ ಬಸ್ ಎಷ್ಟು ಹೊತ್ತಿಗಿದೆ ಎಂದು ಹೇಳುತ್ತೇನೆ.