ಸೋತವರಿಗೆ ಮೊದಲ ಪಂಕ್ತಿ

ನಮ್ಮ ಟೀಮಿನಲ್ಲಿ ಊರೇ ಹೆಸರು. ನಾನು ಹುಬ್ಬಳ್ಳಿ, ಪಕ್ಕದ ಸೀಟಿನವನು ಪುತ್ತೂರು. ಇಬ್ಬರದೂ ಪುಣೆಯ ಹಿಂಜವಡಿಯಲ್ಲಿ ನೈಟ್ ಶಿಫ್ಟ್. ನನ್ನ ಕ್ಲೈಂಟ್ ಇರುವುದು ಅಮೆರಿಕದ ಶಾರ್ಲಟ್‌ನಲ್ಲಿ. ಸೋಮವಾರದ ಕಾಲ್‌ನಲ್ಲಿ ಅವರು 'ಹಲೋ' ಅನ್ನುವ ಧಾಟಿ ಕೇಳಿದರೆ ಸಾಕು, ಹಿಂದಿನ ದಿನ ಅವರೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಂಥರ್ಸ್‌ನವರು ಏನು ಮಾಡಿಕೊಂಡರು ಅಂತ ಗೊತ್ತಾಗುತ್ತಿತ್ತು. ಹೀಗೆ ನೆಗಡಿ ಅಂಟಿಕೊಂಡ ಹಾಗೆ ನನಗೆ ಕ್ಯಾರೊಲೈನಾ ಪ್ಯಾಂಥರ್ಸ್ ಅಂಟಿಕೊಂಡಿತು. ಪುತ್ತೂರು ಹ್ಯೂಸ್ಟನ್‌ನಲ್ಲಿ ಎಂಎಸ್ ಮಾಡಿ ಬಂದವನು, ಅವನದು ಅಲ್ಲಿನ ತಂಡ ಟೆಕ್ಸನ್ಸ್. 2023ರ ಡ್ರಾಫ್ಟ್‌ನಲ್ಲಿ ನಮ್ಮದು ಮೊದಲ ಆಯ್ಕೆ, ಅವನದು ಎರಡನೆಯದು. ಜಗಳಕ್ಕೆ ಇನ್ನೇನು ಬೇಕು?

ಡ್ರಾಫ್ಟ್ ಅಂದರೇನು ಅಂತ ಅಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವಂತಿಲ್ಲ. ಹಿಂದಿನ ವರ್ಷ ಯಾರು ಕೆಟ್ಟದಾಗಿ ಆಡಿದರೋ ಅವರಿಗೆ ಕಾಲೇಜು ಹುಡುಗರಲ್ಲಿ ಮೊದಲು ಆರಿಸಿಕೊಳ್ಳುವ ಅವಕಾಶ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ ಸೋತವರಿಗೆ ಮೊದಲ ಪಂಕ್ತಿ ಅನ್ನು" ಅಂದರು. ಹೂಂ ಅಂದೆ. ಆದರೆ ನಮ್ಮವರು ಆ ಪಂಕ್ತಿಯಲ್ಲಿ ಜಾಗ ಕೊಂಡುಕೊಂಡಿದ್ದರು. ಒಂಬತ್ತನೇ ಜಾಗದಿಂದ ಒಂದಕ್ಕೆ ಬರಲು ಚಿಕಾಗೋದವರಿಗೆ ಡಿ.ಜೆ. ಮೂರ್ ಎಂಬ ಒಳ್ಳೆ ರಿಸೀವರ್‌ನನ್ನು, ಅಂದರೆ ಎಸೆದ ಚೆಂಡು ಹಿಡಿಯುವವನನ್ನು, ಕೊಟ್ಟರು. ಜೊತೆಗೆ ಆ ವರ್ಷದ ಎರಡು ಆಯ್ಕೆ, 2024ರ ಮೊದಲ ಸುತ್ತಿನದು, 2025ರ ಎರಡನೇ ಸುತ್ತಿನದು. ಇದನ್ನು ಅಪ್ಪನಿಗೆ ಹೇಳಲಿಲ್ಲ. ರೈಲ್ವೆಯಲ್ಲಿ ಇದ್ದವರು, ಲೆಕ್ಕ ಕೇಳುತ್ತಾರೆ.

ಡ್ರಾಫ್ಟ್ ನಡೆಯುವ ವಾರ ಒಂದು ಗಾಳಿಸುದ್ದಿ ಎದ್ದಿತು. ಕೆಂಟಕಿ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ವಿಲ್ ಲೆವಿಸ್ ತನ್ನ ಮನೆಯವರಿಗೆ, ಸ್ನೇಹಿತರಿಗೆ 'ಪ್ಯಾಂಥರ್ಸ್ ನನ್ನನ್ನೇ ಮೊದಲು ಆರಿಸ್ತಾರೆ' ಅಂತ ಹೇಳುತ್ತಿದ್ದಾನಂತೆ. ಬರೆದವನಿಗೆ ಹೆಸರಿಲ್ಲ, ಮುಖವಿಲ್ಲ. ಆದರೂ ಅಲ್ಲಿ ಬೆಟ್ಟಿಂಗ್ ದರವೇ ಏರುಪೇರಾಯಿತು. ದುಡ್ಡು ಹಾಕುವವರೇ ನಂಬಿದ ಮೇಲೆ ನನ್ನದೇನು? "ಲೆವಿಸ್ ಬರ್ತಾನೆ, ಬರದಿದ್ರೆ ಇಡೀ ಟೀಮಿಗೆ ಮಿಸಳ್" ಅಂದುಬಿಟ್ಟೆ.

ಶುಕ್ರವಾರ ಬೆಳಗಿನ ಐದೂವರೆ. ಶಿಫ್ಟ್ ಮುಗಿಸಿ ಗೇಟಿನ ಹೊರಗಿನ ಚಹಾ ಟಪರಿಯಲ್ಲಿ ಗ್ಲಾಸಿಗೆ ಮೊಬೈಲ್ ಒರಗಿಸಿ ಕೂತಿದ್ದೆವು. ಮೊದಲ ಹೆಸರು ಬ್ರೈಸ್ ಯಂಗ್. ಎರಡನೆಯದು ಸಿ.ಜೆ. ಸ್ಟ್ರೌಡ್. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳೇ. ಲೆವಿಸ್ ಸೂಟು ಹಾಕಿಕೊಂಡು ಕಾನ್ಸಾಸ್ ಸಿಟಿಯ ಆ ಕೋಣೆಯಲ್ಲಿ ಕೂತೇ ಇದ್ದ. ಕ್ಯಾಮೆರಾ ಬೇರೆ ಅವನನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. ಮೊದಲ ಸುತ್ತಿನ 31 ಹೆಸರು ಮುಗಿದರೂ ಅವನನ್ನು ಯಾರೂ ಕರೆಯಲಿಲ್ಲ. ಮಾರನೇ ದಿನ 33ನೆಯವನಾಗಿ ಟೆನೆಸಿಗೆ ಹೋದ. ನಾನು ಹನ್ನೊಂದು ಪ್ಲೇಟ್ ಮಿಸಳ್ ಕೊಡಿಸಿದೆ. ತರ್ರಿ ಜಾಸ್ತಿ, ಪಾವ್ ಜಾಸ್ತಿ. ಪುತ್ತೂರು ನನ್ನ ಎದುರೇ ಎರಡು ಸಲ ಹಾಕಿಸಿಕೊಂಡ.

ಡ್ರಾಫ್ಟ್ ನಡೆಯುವ ಏಪ್ರಿಲ್‌ನಲ್ಲಿ ಕೇಳಿಬರುವ ಮಾತಿಗೆಲ್ಲ ಒಬ್ಬ ಯಜಮಾನ ಇರುತ್ತಾನೆ ಅಂತ ಆಮೇಲೆ ತಿಳಿಯಿತು. ಏಜೆಂಟ್‌ಗೆ ತನ್ನ ಹುಡುಗನ ಬೆಲೆ ಏರಿಸಬೇಕು. ಟೀಮಿಗೆ ತನ್ನ ಮನಸ್ಸಿನಲ್ಲಿ ಇರುವವನನ್ನು ಮುಚ್ಚಿಡಬೇಕು. ನಮ್ಮ ಕಡೆ ಸಂಬಂಧ ನೋಡುವಾಗ 'ಬೇರೆ ಕಡೆನೂ ಮಾತು ನಡೆದದ' ಅಂತ ಸುಮ್ನೆ ಒಂದು ಮಾತು ಬಿಡುತ್ತಾರಲ್ಲ, ಅದೇ. ಆದರೂ ಬೀಳುವವರು ಬೀಳುತ್ತಲೇ ಇರುತ್ತಾರೆ. 2025ರಲ್ಲಿ ಶೆಡ್ಯೂರ್ ಸ್ಯಾಂಡರ್ಸ್ ಮೊದಲ ಸುತ್ತಿನಲ್ಲೇ ಹೋಗ್ತಾನೆ ಅಂತ ಪುತ್ತೂರು ಮಿಸಳ್ ಕಟ್ಟಿದ. ಹುಡುಗ ಐದನೇ ಸುತ್ತಿಗೆ ಇಳಿದ, 144ನೇ ಆಯ್ಕೆ. ಆ ದಿನ ನಾನೂ ಎರಡು ಸಲ ಹಾಕಿಸಿಕೊಂಡೆ.

ಇರಲಿ, ಬ್ರೈಸ್ ಯಂಗ್ ವಿಷಯಕ್ಕೆ ಬರುತ್ತೇನೆ. ಮೊದಲ ಸೀಸನ್ನಿನಲ್ಲಿ ನಾವು 2 ಗೆದ್ದು 15 ಸೋತೆವು. ಕೋಚನ್ನು ಮಧ್ಯದಲ್ಲೇ ಕಳಿಸಿದರು. ಅತ್ತ ಸ್ಟ್ರೌಡ್ ಅಂಕ ತರುವ ಟಚ್‌ಡೌನ್ 23 ಎಸೆದು, ಎದುರಾಳಿ ಕೈಗೆ ಚೆಂಡು ಹೋಗುವ ಇಂಟರ್‌ಸೆಪ್ಷನ್ ಬರೀ 5 ಕೊಟ್ಟು, ವರ್ಷದ ರೂಕಿ, ಅಂದರೆ ಹೊಸ ಆಟಗಾರ, ಪ್ರಶಸ್ತಿ ತಗೊಂಡ. ಪ್ರತಿ ಸೋಮವಾರ ಪುತ್ತೂರು ನನ್ನ ಕೀಬೋರ್ಡ್ ಮೇಲೆ ಸ್ಕೋರ್ ಬರೆದ ಚೀಟಿ ಇಡುತ್ತಿದ್ದ. ನಾನು ಆಮೇಲೆ ದೊಡ್ಡ ಹೆಸರು ಮಾಡಿದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನನ್ನು ಎಳೆದು ತಂದೆ: 1998ರಲ್ಲಿ ರೂಕಿಯಾಗಿ 28 ಇಂಟರ್‌ಸೆಪ್ಷನ್. ಟ್ರಾಯ್ ಏಕ್‌ಮನ್‌ನನ್ನು ತಂದೆ: 1989ರಲ್ಲಿ ತಾನು ಶುರು ಮಾಡಿದ 11 ಪಂದ್ಯವನ್ನೂ ಸೋತವನು, ಆಮೇಲೆ ಮೂರು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ. ಪುತ್ತೂರು ಚಹಾ ಊದುತ್ತಾ, "ಮ್ಯಾನಿಂಗ್ ಆದ ಮೇಲೆ ಅದೇ ವರ್ಷ ಎರಡನೆಯವನಾಗಿ ಬಂದ ರಯಾನ್ ಲೀಫ್ ಎಲ್ಲಿ ಹೋದ ಮಾರಾಯ್ತಿ?" ಅಂದ. ಲೀಫ್ ಆ ವರ್ಷ ಎಸೆದದ್ದು 2 ಟಚ್‌ಡೌನ್, 15 ಇಂಟರ್‌ಸೆಪ್ಷನ್. ಆಮೇಲೂ ಏಳಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕ್ಯಾಬ್‌ನಲ್ಲಿ. ಕೋಥರೂಡ್‌ಗೆ ಬಿಡುವ ಡ್ರೈವರ್ ಇಂಡಿ ತಾಲೂಕಿನವನು. ಇನ್ನೊಬ್ಬಳು ಬರುವ ತನಕ ಗಾಡಿ ಗೇಟಿನಲ್ಲೇ ನಿಂತಿತ್ತು. ನಾನು ಹೈಲೈಟ್ಸ್ ಹಾಕಿದ್ದೆ, ಅವನೂ ತಿರುಗಿ ನೋಡುತ್ತಿದ್ದ. ಯಂಗ್ ಚೆಂಡು ಹಿಡಿದು ಹಿಂದೆ ಸರಿಯುತ್ತಾನೆ. ಐದಡಿ ಹತ್ತಿಂಚಿನ ಹುಡುಗ, ಸುತ್ತ ಗೋಡೆಯಂಥ ಆಳುಗಳು. ಒಂದು, ಎರಡು, ಎರಡೂವರೆ ಎಣಿಸುವಷ್ಟರಲ್ಲಿ ಎಡಗಡೆಯಿಂದ ಒಬ್ಬ ಬಂದು ಮೇಲೆ ಬಿದ್ದ. ಮತ್ತೊಂದು ಸಲ, ಬಲಗಡೆಯಿಂದ. ಮೂರನೇ ಸಲ ಡ್ರೈವರ್ ಫೋನು ಕೈಗೆ ತಗೊಂಡು ವಾಪಸ್ ಓಡಿಸಿ ನೋಡಿದ. "ಅಕ್ಕಾರ, ಈ ಹುಡುಗಂದೇನ ತಪ್ಪೈತ್ರಿ? ಮುಂದ ನಿಂತ ಐದ ಮಂದಿ ಬಾಗಲಾ ತಗದ ನಿಂತಾರ" ಅಂದ.

ಆ ಐವರಿಗೆ ಲೈನ್ ಅನ್ನುತ್ತಾರೆ, ಎಸೆಯುವವನನ್ನು ಕಾಯುವುದೇ ಅವರ ಕೆಲಸ. ಆ ವರ್ಷ ಯಂಗ್ ಎಸೆಯುವ ಮೊದಲೇ 62 ಸಲ ನೆಲಕ್ಕೆ ಬಿದ್ದಿದ್ದ, ಇದಕ್ಕೆ ಸ್ಯಾಕ್ ಅಂತ ಹೆಸರು. ಯಾರಿಗೆ ಎಸೆಯಬೇಕು, ಯಾರು ಖಾಲಿ ಇದ್ದಾರೆ ಅಂತ ನೋಡಲಿಕ್ಕೇ ಪುರಸೊತ್ತಿಲ್ಲ. ಇದ್ದ ಒಳ್ಳೆ ರಿಸೀವರ್‌ನನ್ನೂ ಅವನಿಗಾಗಿಯೇ ಮಾರಿಯಾಗಿತ್ತು. ಮರುದಿನ ಪುತ್ತೂರಿಗೆ ಡ್ರೈವರ್ ಮಾತನ್ನೇ ಹೇಳಿದೆ. "ಕುಣಿಯಲಾರದವಳಿಗೆ ನೆಲ ಡೊಂಕು" ಅಂದ.

2024ರಲ್ಲಿ ಎರಡೇ ಪಂದ್ಯ ಆದ ಮೇಲೆ ಯಂಗ್‌ನನ್ನು ಹೊರಗೆ ಕೂರಿಸಿ ಆಂಡಿ ಡಾಲ್ಟನ್‌ನನ್ನು ಆಡಿಸಿದರು. ಅಕ್ಟೋಬರ್‌ನಲ್ಲಿ ಡಾಲ್ಟನ್ ಕಾರು ಅಪಘಾತದಲ್ಲಿ ಹೆಬ್ಬೆರಳು ನೋಯಿಸಿಕೊಂಡ. ಹುಡುಗನಿಗೆ ಜಾಗ ವಾಪಸ್ ಸಿಕ್ಕಿದ್ದು ಹಾಗೆ. ಸೀಸನ್ನಿನ ಕೊನೆಯ ಪಂದ್ಯ ಅಟ್ಲಾಂಟಾದಲ್ಲಿ, ನಮಗೆ ಭಾನುವಾರ ರಾತ್ರಿ ಹನ್ನೊಂದೂವರೆಗೆ ಶುರು. ಓವರ್‌ಟೈಮ್‌ನಲ್ಲಿ 44-38ಕ್ಕೆ ಗೆದ್ದೆವು. ಯಂಗ್ ಮೂರು ಟಚ್‌ಡೌನ್ ಎಸೆದ, ಎರಡು ಓಡಿ ತಗೊಂಡ. ನಾನು ಬಾಯಿಗೆ ದಿಂಬು ಒತ್ತಿಕೊಂಡು ಕೂಗಿದೆ, ರೂಮ್‌ಮೇಟ್ ಮಲಗಿದ್ದಳು.

ಅದೇ ಸೀಸನ್ನಿನಲ್ಲಿ ಸ್ಟ್ರೌಡ್ ಇಳಿದಿದ್ದ. 52 ಸ್ಯಾಕ್, 12 ಇಂಟರ್‌ಸೆಪ್ಷನ್. ಸೋಮವಾರ ಶಿಫ್ಟಿಗೆ ಬಂದ ಪುತ್ತೂರು ನಾನು ಕೇಳುವ ಮೊದಲೇ, "ನಮ್ಮ ಲೈನ್ ಸರಿ ಇಲ್ಲ ಮಾರಾಯ್ತಿ, ಅವನೊಬ್ಬ ಏನು ಮಾಡ್ತಾನೆ ಪಾಪ" ಅಂದ. ನಾನು ಏನೂ ಹೇಳಲಿಲ್ಲ. ಚೀಟಿ ಬರೆದು ತಂದಿದ್ದೆ, ಅದನ್ನು ಅವನ ಕೀಬೋರ್ಡ್ ಮೇಲೆ ಇಟ್ಟೆ.